ಕಸಿಯಾದ ಮೇಲೆ

ಕಳೆದ ಬೇಸಗೆಯಲ್ಲಿ ಹಿರೇನಲ್ಲೂರಿನ ಕಡೆಯ ರೈತರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ಕಡೂರಿನ ನನ್ನ ಚಿಕಿತ್ಸಾಲಯಕ್ಕೆ ಬಂದರು. ಹುಡುಗನಿಗೆ ಹದಿನಾಲ್ಕು ವರ್ಷ. ಒಂಬತ್ತನೆಯ ವಯಸ್ಸಿನಿಂದ ಸಕ್ಕರೆ ಕಾಯಿಲೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾನೆ. ತಂದೆ ಪೀಠಿಕೆ ಹಾಕಲಿಲ್ಲ. "ಅದೇನೋ ಜೀವಕೋಶ ಕಸಿ ಮಾಡ್ತಾರಂತಲ್ಲ ಡಾಕ್ಟ್ರೆ, ಅದನ್ನ ಮಾಡಿಸಿಬಿಟ್ರೆ ಸೂಜಿ ತಪ್ಪುತ್ತಂತೆ. ಎರಡೆಕರೆ ತೆಂಗಿನ ತೋಟ ಐತೆ, ಮಾರಿಬಿಡ್ತೀನಿ. ಸಾಕಾಗುತ್ತಾ ಹೇಳಿ" ಎಂದರು. ಅವರಿಗೆ ಆ ದಿನ ಹೇಳಿದ್ದನ್ನೇ ಇಂದು ಶ್ರೋತೃಗಳ ಮುಂದೆ ಸ್ವಲ್ಪ ವಿಸ್ತರಿಸಿ ಹೇಳಬೇಕೆಂದಿದ್ದೇನೆ.

ನಮ್ಮ ಜಠರದ ಹಿಂಭಾಗದಲ್ಲಿ ಮೇದೋಜೀರಕ ಗ್ರಂಥಿಯೆಂಬ ಒಂದು ಅಂಗವಿದೆ. 1869ರಲ್ಲಿ ಬರ್ಲಿನ್ನಿನ ವೈದ್ಯವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್ ಅದನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟು ನೋಡುತ್ತಿದ್ದಾಗ, ಉಳಿದ ಭಾಗದಿಂದ ಬೇರೆಯಾಗಿ ಕಾಣುವ ಜೀವಕೋಶಗಳ ಸಣ್ಣ ಗುಂಪುಗಳು ಅಲ್ಲಲ್ಲಿ ಕಂಡವು. ಅವುಗಳ ಕೆಲಸವೇನೆಂದು ಆತನಿಗೆ ತಿಳಿಯಲಿಲ್ಲ. ಮುಂದೆ ಅವಕ್ಕೆ ಲ್ಯಾಂಗರ್‌ಹಾನ್ಸ್ ದ್ವೀಪಗಳೆಂಬ ಹೆಸರು ಬಂದಿತು. ಒಂದೊಂದೂ ರಾಗಿಕಾಳಿನ ಹತ್ತನೆಯ ಒಂದು ಪಾಲಿನಷ್ಟಿರುತ್ತದೆ. ಒಬ್ಬ ಮನುಷ್ಯನಲ್ಲಿ ಇಂಥವು ಸುಮಾರು ಹತ್ತು ಲಕ್ಷ. ಎಲ್ಲವನ್ನೂ ಕೂಡಿಸಿ ತೂಗಿದರೂ ಒಂದೆರಡು ಗ್ರಾಂ ದಾಟದು. ಇನ್ಸುಲಿನ್ ಒಸರುವುದು ಇಲ್ಲಿಂದಲೇ. ಈ ಹುಡುಗನಿಗೆ ಬಂದಿರುವ ಬಗೆಯ ಕಾಯಿಲೆಯಲ್ಲಿ, ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಈ ದ್ವೀಪಗಳಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಶತ್ರುವೆಂದು ತಿಳಿದು ಕೊಂದುಹಾಕಿರುತ್ತದೆ. ಬೆಲ್ಲ ತಿಂದದ್ದರಿಂದ ಬಂದಿತೆನ್ನುವ ಮಾತಿಗೆ ಆಧಾರವಿಲ್ಲ. ಆ ಮಾತು ಕೇಳಿ ಕೇಳಿ ನೊಂದ ತಾಯಂದಿರನ್ನು ಕಂಡಿದ್ದೇನೆ. ಆದ್ದರಿಂದ ಇಲ್ಲಿ ಹೇಳಿದೆ.

ಸತ್ತ ದ್ವೀಪಗಳ ಬದಲು ಬೇರೆಯವರ ದ್ವೀಪಗಳನ್ನು ನೆಡಬಾರದೇಕೆ? ಪ್ರಶ್ನೆ ಹಳೆಯದು. ಇನ್ಸುಲಿನ್ ಇನ್ನೂ ಕೈಗೆ ಸಿಗದಿದ್ದ 1893ರಲ್ಲೇ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ವೈದ್ಯರು ಕುರಿಯ ಮೇದೋಜೀರಕದ ತುಣುಕುಗಳನ್ನು ಹದಿನೈದು ವರ್ಷದ ಹುಡುಗನೊಬ್ಬನ ಚರ್ಮದಡಿ ಇಟ್ಟು ನೋಡಿದ್ದರು. ಹುಡುಗ ಬದುಕಲಿಲ್ಲ. 1922ರಲ್ಲಿ ಟೊರಾಂಟೋದಲ್ಲಿ ಇನ್ಸುಲಿನ್ ಮೊದಲ ಬಾರಿಗೆ ರೋಗಿಯ ಮೈ ಸೇರಿತು. ಸಾಯುವ ಮಕ್ಕಳು ಬದುಕಿದರು. ಕಸಿಯ ಆಸೆ ಮಾತ್ರ ಉಳಿದೇ ಇತ್ತು. 2000ನೆಯ ಇಸವಿಯಲ್ಲಿ ಕೆನಡಾದ ಎಡ್ಮಂಟನ್ ನಗರದ ವೈದ್ಯರು ಏಳು ಮಂದಿಗೆ ಮೃತ ದಾನಿಗಳ ದ್ವೀಪಗಳನ್ನು ಕಸಿ ಮಾಡಿ, ಏಳು ಮಂದಿಯೂ ಇನ್ಸುಲಿನ್ ಬಿಟ್ಟರೆಂದು ಪ್ರಕಟಿಸಿದಾಗ ಜಗತ್ತೇ ತಿರುಗಿ ನೋಡಿತು.

ಮಾಡುವ ಕ್ರಮ ನೋಡಲು ಸರಳ. ಹೊಟ್ಟೆ ಕೊಯ್ಯುವುದಿಲ್ಲ. ಚರ್ಮದ ಮೂಲಕ ಸಣ್ಣ ನಳಿಗೆಯನ್ನು ಯಕೃತ್ತಿಗೆ ರಕ್ತ ಒಯ್ಯುವ ದೊಡ್ಡ ಅಭಿಧಮನಿಯೊಳಕ್ಕೆ ತೂರಿಸಿ, ಗ್ಲೂಕೋಸ್ ಹನಿಸುವಂತೆ ದ್ವೀಪಗಳನ್ನು ಹನಿಸುತ್ತಾರೆ. ಅವು ರಕ್ತದೊಡನೆ ಸಾಗಿ ಯಕೃತ್ತಿನಲ್ಲಿ ನೆಲೆ ನಿಲ್ಲುತ್ತವೆ. ರಕ್ತಸ್ರಾವದ ಭಯವುಂಟು, ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವ ಭಯವುಂಟು. ನುರಿತ ಕೈಗಳಲ್ಲಿ ಅವು ವಿರಳ. ಕಷ್ಟ ಶುರುವಾಗುವುದು ರೋಗಿ ಮನೆಗೆ ಬಂದ ಮೇಲೆ.

ಮಾವಿಗೆ ಕಸಿ ಕಟ್ಟಿದವರು ಬಲ್ಲರು: ಕಟ್ಟು ಕೂಡಿಕೊಂಡ ಮೇಲೆ ಮರ ಕೊಂಬೆಯನ್ನು ತನ್ನದೆಂದೇ ಸಾಕುತ್ತದೆ. ಮನುಷ್ಯದೇಹ ಹಾಗಲ್ಲ. ಪರರ ಕೋಶವನ್ನು ಅದು ಎಷ್ಟು ವರ್ಷವಾದರೂ ಪರರದೆಂದೇ ಗುರುತಿಡುತ್ತದೆ. ಅದರ ಮೇಲೆ, ಮೊದಲು ತನ್ನ ದ್ವೀಪಗಳನ್ನು ಕೊಂದ ಹಳೆಯ ವೈರವೂ ಹಾಗೆಯೇ ಇರುತ್ತದೆ. ಆದ್ದರಿಂದ ರಕ್ಷಣಾ ವ್ಯವಸ್ಥೆಯನ್ನು ಮಂಕಾಗಿಸುವ ಔಷಧಗಳನ್ನು ಕಸಿ ಇರುವಷ್ಟು ದಿನವೂ ನುಂಗಬೇಕು.

ಈ ಔಷಧಗಳ ಕಥೆ ಸ್ವಾರಸ್ಯವಾದದ್ದು. ಎಡ್ಮಂಟನ್ನಿನವರು ಬಳಸಿದ ಎರಡು ಮುಖ್ಯ ಮಾತ್ರೆಗಳ ಮೂಲವೂ ಮಣ್ಣಿನಲ್ಲಿದೆ. ಟ್ಯಾಕ್ರೋಲಿಮಸ್ 1984ರಲ್ಲಿ ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನ ಸೂಕ್ಷ್ಮಜೀವಿಯೊಂದರಲ್ಲಿ ಸಿಕ್ಕಿತು. ಸಿರೋಲಿಮಸ್ ಸಿಕ್ಕಿದ್ದು ಶಾಂತಸಾಗರದ ನಡುವಿನ ಈಸ್ಟರ್ ದ್ವೀಪದ ಮಣ್ಣಿನಲ್ಲಿ. ಅಲ್ಲಿನವರು ತಮ್ಮ ನೆಲವನ್ನು ರಾಪಾ ನೂಯಿ ಎನ್ನುವುದರಿಂದ ಅದಕ್ಕೆ ರಾಪಾಮೈಸಿನ್ ಎಂಬ ಹೆಸರೂ ಇದೆ. ಅದರ ಬೆನ್ನು ಹತ್ತಿದವರು ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿದ ಸುರೇಂದ್ರನಾಥ ಸೆಹಗಲ್. ಅವರಿದ್ದ ಕಂಪನಿ ಪ್ರಯೋಗಾಲಯವನ್ನು ಮಾಂಟ್ರಿಯಲ್‌ನಿಂದ ಎತ್ತಿ, ಆ ಕೆಲಸವನ್ನೇ ಕೈಬಿಟ್ಟಾಗ, ಅವರು ಆ ಸೂಕ್ಷ್ಮಜೀವಿಯನ್ನು ಮನೆಯ ಶೈತ್ಯಪೆಟ್ಟಿಗೆಯಲ್ಲಿ ಇಟ್ಟು ಕಾಪಾಡಿದರು. 1999ರಲ್ಲಿ ಅಮೆರಿಕದಲ್ಲಿ ಅದಕ್ಕೆ ಔಷಧವೆಂದು ಮನ್ನಣೆ ದೊರೆಯಿತು.

ಆದರೆ ಔಷಧಕ್ಕೆ ಮುಖ ಒಂದೇ ಅಲ್ಲ. ಸಿರೋಲಿಮಸ್ ನುಂಗುವವರಲ್ಲಿ ಅನೇಕರ ಬಾಯಿ ಹುಣ್ಣಾಗುತ್ತದೆ. ಖಾರದ ಸಾರಿನಲ್ಲಿ ಮುದ್ದೆ ಅದ್ದಿ ನುಂಗುವುದೇ ಶಿಕ್ಷೆಯಾಗುತ್ತದೆ. ಟ್ಯಾಕ್ರೋಲಿಮಸ್ ಕೈ ನಡುಗಿಸಬಹುದು, ಮೂತ್ರಪಿಂಡವನ್ನು ಕುಂದಿಸಬಹುದು. ಹೆಚ್ಚಾದರೆ ಇನ್ಸುಲಿನ್ ಕೋಶಗಳಿಗೇ ಅದು ವಿಷ. ಯಾವುದನ್ನು ಕಾಯಲು ಕೊಟ್ಟೆವೋ ಅದನ್ನೇ ಕಡಿಯುವ ಕಾವಲುಗಾರ! ಸಕ್ಕರೆ ಕಾಯಿಲೆಯೇ ಇಲ್ಲದಿದ್ದವರು ಮೂತ್ರಪಿಂಡದ ಕಸಿಯ ನಂತರ ಇದರಿಂದಲೂ ಸ್ಟೆರಾಯ್ಡಿನಿಂದಲೂ ಸಕ್ಕರೆ ಕಾಯಿಲೆಯವರಾಗುವುದುಂಟು. ಆದ್ದರಿಂದ ನಾನೀಗ ಹೇಳುವುದು ನಮ್ಮ ಜಿಲ್ಲೆಯಲ್ಲಿ ಮೂತ್ರಪಿಂಡದ ಕಸಿ ಮಾಡಿಸಿಕೊಂಡು ಬಂದವರಿಗೂ ಬಹುಮಟ್ಟಿಗೆ ಅನ್ವಯಿಸುತ್ತದೆ.

ಮಾತ್ರೆಯ ಹೊತ್ತು ತಪ್ಪಬಾರದು. ದಿನಕ್ಕೆ ಎರಡು ಸಲದ ಮಾತ್ರೆಯಾದರೆ ಹನ್ನೆರಡು ಗಂಟೆಗೊಮ್ಮೆ ಎಂದರೆ ಹನ್ನೆರಡು ಗಂಟೆಗೊಮ್ಮೆಯೇ. ರಕ್ತದಲ್ಲಿ ಔಷಧದ ಮಟ್ಟವನ್ನು ಆಗಾಗ ಅಳೆಸಬೇಕು. ಭೇದಿ ಹತ್ತಿದರೆ ಟ್ಯಾಕ್ರೋಲಿಮಸ್ ಮಟ್ಟ ಇಳಿಯುವುದಿಲ್ಲ, ಏರುತ್ತದೆ. ಇದು ಎಷ್ಟೋ ಜನರಿಗೆ ತಿಳಿಯದು. ಹಿತ್ತಿಲಿನ ಚಕ್ಕೋತವನ್ನು ಬಿಡಬೇಕು. ಅದೂ ಮಟ್ಟವನ್ನು ಏರಿಸೀತು. ನೀರು ಕುದಿಸಿಯೇ ಕುಡಿಯಬೇಕು. ಜೀವಂತ ರೋಗಾಣುವಿನಿಂದ ಮಾಡಿದ ಲಸಿಕೆಗಳು ಕೂಡದು. ನಮ್ಮ ದೇಶದಲ್ಲಿ ಎಷ್ಟೋ ಮಂದಿಯ ಎದೆಯಲ್ಲಿ ಕ್ಷಯದ ಬೀಜ ಮಲಗಿರುತ್ತದೆ; ಕಾವಲು ಸಡಿಲವಾದಾಗ ಅದು ಎದ್ದು ಕೂರುತ್ತದೆ. ಉಳಿದವರು ಕಷಾಯ ಕುಡಿದು ಮಲಗುವ ಜ್ವರವನ್ನು ಕಸಿಯಾದವರು ಅದೇ ದಿನ ವೈದ್ಯರಿಗೆ ತೋರಿಸಬೇಕು. ಸಕ್ಕರೆ ಹತೋಟಿಗೆ ಬಂದಿತೆಂದು ಕಣ್ಣಿನ ಪರೀಕ್ಷೆ, ಪಾದದ ಆರೈಕೆ ಬಿಡುವಂತೆಯೂ ಇಲ್ಲ. ಹಿಂದಿನ ವರ್ಷಗಳು ನರಗಳ ಮೇಲೆ, ಕಣ್ಣಿನ ಪಟಲದ ಮೇಲೆ ಬರೆದದ್ದು ಅಳಿಸಿಹೋಗುವುದಿಲ್ಲ; ಸ್ಪರ್ಶ ಕುಂದಿದ ಬರಿಗಾಲಿಗೆ ಜಾಲಿಯ ಮುಳ್ಳು ಹೊಕ್ಕರೆ ಗೊತ್ತೇ ಆಗದು.

ಇಷ್ಟು ತೆತ್ತು ಪಡೆಯುವುದೇನು? ಎಡ್ಮಂಟನ್ನಿನವರೇ 2005ರಲ್ಲಿ 65 ಮಂದಿಯ ಲೆಕ್ಕ ಕೊಟ್ಟರು. ಐದು ವರ್ಷಗಳ ಕೊನೆಗೆ ಇನ್ಸುಲಿನ್ ಇಲ್ಲದೆ ಉಳಿದವರು ನೂರಕ್ಕೆ ಸುಮಾರು ಹತ್ತು. ಆದರೆ ನೂರಕ್ಕೆ ಎಂಬತ್ತು ಮಂದಿಯಲ್ಲಿ ದ್ವೀಪಗಳು ಇನ್ನೂ ಅಷ್ಟಿಷ್ಟು ಒಸರುತ್ತಿದ್ದವು. ಪತ್ರಿಕೆಗಳು ಮೊದಲ ಸಂಖ್ಯೆಯನ್ನು ಕಂಡು ಕಸಿ ಸೋತಿತೆಂದವು. ನನಗೆ ಎರಡನೆಯದೇ ಮುಖ್ಯವೆನ್ನಿಸುತ್ತದೆ. ಸಕ್ಕರೆ ಕುಸಿಯುವ ಮುನ್ಸೂಚನೆಯಾದ ಬೆವರು, ನಡುಕ, ಎದೆಬಡಿತಗಳೇ ಕೆಲವರಲ್ಲಿ ಮಾಯವಾಗಿಬಿಟ್ಟಿರುತ್ತವೆ. ಅಂಥವರು ಮಾತನಾಡುತ್ತಿರುವಂತೆಯೇ ಪ್ರಜ್ಞೆ ತಪ್ಪುತ್ತಾರೆ. ಅವರ ಮನೆಯಲ್ಲಿ ತಾಯಿಯೋ ಹೆಂಡತಿಯೋ ರಾತ್ರಿ ಎದ್ದೆದ್ದು ಮೈ ಮುಟ್ಟಿ ನೋಡುತ್ತಿರುತ್ತಾಳೆ. ಅರೆಬರೆ ಬದುಕಿದ ಕಸಿಯೂ ಆ ಭಯಂಕರ ಕುಸಿತವನ್ನು ಬಹುಪಾಲು ತಡೆಯುತ್ತದೆ. ಈ ಕಸಿ ಹುಟ್ಟಿಕೊಂಡಿರುವುದು ಮುಖ್ಯವಾಗಿ ಅಂಥವರಿಗಾಗಿ. ಸೂಜಿ ತಪ್ಪಿದರೆ ಅದು ಲಾಭದ ಮೇಲಿನ ಲಾಭ.

ದ್ವೀಪಗಳನ್ನು ತರುವುದೆಲ್ಲಿಂದ ಎಂಬುದು ಇನ್ನೊಂದು ಚಿಂತೆ. ಒಬ್ಬ ರೋಗಿಗೆ ಅನೇಕ ವೇಳೆ ಇಬ್ಬರು ದಾನಿಗಳು ಬೇಕು. ನಮ್ಮ ಕಡೂರು ತಾಲ್ಲೂಕಿನ ಪಂಚನಹಳ್ಳಿ ಕಡೆಯ ನಟ ಸಂಚಾರಿ ವಿಜಯ್ 2021ರ ಜೂನ್ ತಿಂಗಳಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಮನೆಯವರು ಆ ದುಃಖದಲ್ಲಿಯೂ ಅಂಗಗಳನ್ನು ದಾನ ಕೊಟ್ಟದ್ದನ್ನು ಕೇಳುಗರು ಮರೆತಿರಲಾರರು. ಅಂಥ ಮನೆಗಳು ಇನ್ನೂ ಕಡಮೆ. ಆಕರ ಕೋಶಗಳಿಂದ ಪ್ರಯೋಗಾಲಯದಲ್ಲೇ ದ್ವೀಪಗಳನ್ನು ಬೆಳೆಸುವ ಯತ್ನ ಅದಕ್ಕಾಗಿಯೇ ನಡೆದಿದೆ. 2025ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಪೂರ್ಣ ಪ್ರಮಾಣ ಪಡೆದ ಹನ್ನೆರಡು ಮಂದಿಯಲ್ಲಿ ಹತ್ತು ಮಂದಿ ಒಂದು ವರ್ಷದ ಕೊನೆಗೆ ಇನ್ಸುಲಿನ್ ಬಿಟ್ಟಿದ್ದರು. ಅದೇ ಪರೀಕ್ಷೆಯಲ್ಲಿ ಒಬ್ಬರು ಶಿಲೀಂಧ್ರದಿಂದಾದ ಮಿದುಳುಪೊರೆಯ ಉರಿಯೂತದಿಂದ ತೀರಿಕೊಂಡರೆಂಬುದನ್ನೂ ಹೇಳಬೇಕು. ಕಾವಲು ಇಳಿಸಿದ ದೇಹಕ್ಕೆ ಬರುವಂಥ ಸೋಂಕು ಅದು. ಅದೇ ವರ್ಷ ಸ್ವೀಡನ್ನಿನಲ್ಲಿ, ರಕ್ಷಣಾ ವ್ಯವಸ್ಥೆಯ ಕಣ್ಣಿಗೆ ಬೀಳದಂತೆ ವಂಶವಾಹಿಗಳನ್ನು ತಿದ್ದಿದ ದ್ವೀಪಗಳನ್ನು ಒಬ್ಬರ ಮುಂಗೈ ಸ್ನಾಯುವಿನಲ್ಲಿಟ್ಟು, ಯಾವ ಮಾತ್ರೆಯೂ ಇಲ್ಲದೆ ಅವು ಉಳಿದದ್ದನ್ನು ವರದಿ ಮಾಡಿದರು. ಪ್ರಮಾಣ ಸಣ್ಣದಾದ್ದರಿಂದ ಇನ್ಸುಲಿನ್ ನಿಲ್ಲಲಿಲ್ಲ. ಆದರೂ ನಾನು ಕಣ್ಣಿಟ್ಟು ಕಾಯುತ್ತಿರುವುದು ಆ ದಾರಿಯನ್ನೇ.

ಇಷ್ಟನ್ನೂ ಹೇಳಿ ಆ ತಂದೆಗೆ ತೋಟ ಮಾರಬೇಡಿರೆಂದೆ. ಹುಡುಗನ ಮೂತ್ರಪಿಂಡ ಚೆನ್ನಾಗಿದೆ. ಸಕ್ಕರೆ ಇಳಿಯುವುದು ಅವನಿಗೆ ಗೊತ್ತಾಗುತ್ತದೆ. ಇವತ್ತಿನ ಲೆಕ್ಕದಲ್ಲಿ ಅವನಿಗೆ ಆ ಮಾತ್ರೆಗಳಿಗಿಂತ ಸೂಜಿಯೇ ಸೌಮ್ಯ. ಅವರಿಗಿದ್ದ ನಿಜವಾದ ತೊಂದರೆ ಬೇರೆಯಾಗಿತ್ತು. ಮನೆಯಲ್ಲಿ ಶೈತ್ಯಪೆಟ್ಟಿಗೆಯಿಲ್ಲ, ಬೇಸಗೆಯಲ್ಲಿ ಇನ್ಸುಲಿನ್ ಕೆಟ್ಟು ಸಕ್ಕರೆ ಏರುತ್ತಿತ್ತು. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ತುಂಬಿ, ಅದರೊಳಗೆ ಸಣ್ಣ ಗಡಿಗೆಯಿಟ್ಟು, ಸೀಸೆಯನ್ನು ನೀರು ತಾಗದಂತೆ ಅದರಲ್ಲಿಟ್ಟು ನೆರಳಲ್ಲಿಡುವುದನ್ನು ತೋರಿಸಿಕೊಟ್ಟೆ. ಬಳಕೆಯಲ್ಲಿರುವ ಸೀಸೆ ಅಲ್ಲಿ ಸುಮಾರು ನಾಲ್ಕು ವಾರ ಕೆಡದೆ ಇರುತ್ತದೆ.

ಹೊರಡುವಾಗ ಹುಡುಗ ಮೊದಲ ಸಲ ಬಾಯಿಬಿಟ್ಟ. ಅಂತರಘಟ್ಟೆ ಜಾತ್ರೆಯಲ್ಲಿ ಪಾನಕ ಕುಡಿಯಬಹುದೇ ಎಂದು ಕೇಳಿದ. ತಂದೆ ಗದರಿಸಹೋದರು, ನಾನು ತಡೆದೆ. ಒಂದು ಲೋಟಕ್ಕೆ ಎಷ್ಟು ಬೆಲ್ಲ, ಆ ಬೆಲ್ಲಕ್ಕೆ ಎಷ್ಟು ಇನ್ಸುಲಿನ್ ಎಂದು ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ನಡೆದು ದಣಿದು ಸಕ್ಕರೆ ಎಪ್ಪತ್ತಕ್ಕಿಂತ ಕೆಳಗಿಳಿದಿದ್ದರೆ ಆ ಪಾನಕವೇ ಮದ್ದು, ಆಗ ಮೊದಲು ಕುಡಿಯಬೇಕು, ಸೂಜಿಯ ಮಾತು ಆಮೇಲೆ ಎಂದೆ. ಅವನು ಅದನ್ನು ಶಾಲೆಯ ಗಣಿತದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡ.

(ಆಕಾಶವಾಣಿಯ ಕೃಪೆಯಿಂದ)