ಹೆಸರು ನೋಡಿ ಮುಚ್ಚುವ ಬಾಗಿಲು



ವಲಸಿಗರಿಗೆ ದುಡಿಯುವ ಮನಸ್ಸಿಲ್ಲ, ಆದ್ದರಿಂದಲೇ ಅವರಲ್ಲಿ ನಿರುದ್ಯೋಗ ಹೆಚ್ಚು ಎಂಬ ಆರೋಪ ಯುರೋಪಿನಲ್ಲಿ ಆಗಾಗ ಕೇಳಿಬರುತ್ತದೆ. ಇದರಲ್ಲಿ ಸತ್ಯವೆಷ್ಟು? ಫ್ರಾನ್ಸ್‌ನಲ್ಲಿ 2009ರಲ್ಲಿ ನಡೆದ ಒಂದು ಪರೀಕ್ಷೆಯನ್ನು ನಾವು ಗಮನಿಸಬೇಕಾಗಿದೆ.

ಅಡಿಡಾ, ಲೈಟಿನ್ ಮತ್ತು ವಾಲ್ಫೋರ್ ಎಂಬ ಸಂಶೋಧಕರು ಕಾಲ್ಪನಿಕ ಯುವತಿಯರ ಹೆಸರಿನಲ್ಲಿ ಉದ್ಯೋಗದಾತರಿಗೆ ಅರ್ಜಿಗಳನ್ನು ಕಳುಹಿಸಿದರು. ಒಬ್ಬಾಕೆ ಮೇರಿ ದಿಯೂಫ್, ಇನ್ನೊಬ್ಬಾಕೆ ಖದೀಜಾ ದಿಯೂಫ್. ಇಬ್ಬರದೂ ಆಫ್ರಿಕಾದ ಸೆನೆಗಲ್ ಮೂಲವನ್ನು ಸೂಚಿಸುವ ಒಂದೇ ಕುಲನಾಮ. ವಿದ್ಯಾರ್ಹತೆಯೂ ಅನುಭವವೂ ಸಮಾನ. ವ್ಯತ್ಯಾಸವಿದ್ದುದು ಧರ್ಮದ ಗುರುತಿನಲ್ಲಿ ಮಾತ್ರ. ಮೇರಿಯ ಅರ್ಜಿಗಳಲ್ಲಿ ಶೇ. 21ಕ್ಕೆ ಸಂದರ್ಶನದ ಕರೆ ಬಂತು. ಖದೀಜಾಳ ಅರ್ಜಿಗಳಲ್ಲಿ ಕೇವಲ ಶೇ. 8ಕ್ಕೆ. ಖದೀಜಾ ದುಡಿಯಬಲ್ಲಳೇ ಎಂದು ಪರೀಕ್ಷಿಸುವ ಮೊದಲೇ ಬಾಗಿಲು ಮುಚ್ಚಿತ್ತು.

ಅಲ್ಲಿ ಕಾನೂನು ಇಲ್ಲವೆಂದಲ್ಲ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಹೆಸರನ್ನು ಮರೆಮಾಚಿದ ಅರ್ಜಿಗಳನ್ನೇ ಪರಿಶೀಲಿಸಬೇಕೆಂದು 2006ರಲ್ಲಿ ಶಾಸನವಾಯಿತು. ಆದರೆ ಅದನ್ನು ಜಾರಿಗೊಳಿಸುವ ಆದೇಶ ಹೊರಬೀಳಲೇ ಇಲ್ಲ. 2015ರಲ್ಲಿ ಆ ಕಡ್ಡಾಯವನ್ನೇ ಕೈಬಿಡಲಾಯಿತು.

ವಲಸಿಗರಲ್ಲದವರಿಗೂ ಹೆಸರೇ ಅಡ್ಡಿಯಾಗಬಲ್ಲದು. ನಮ್ಮ ದೇಶದ ಬಗ್ಗೆ ಥೋರಟ್ ಮತ್ತು ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅರ್ಹತೆ ಸಮಾನವಾಗಿದ್ದರೂ ದಲಿತ ಮತ್ತು ಮುಸ್ಲಿಮ್ ಹೆಸರಿನವರಿಗೆ ಮೇಲ್ಜಾತಿ ಹಿಂದೂ ಹೆಸರಿನವರಿಗಿಂತ ಕಡಿಮೆ ಕರೆಗಳು ಬಂದುದನ್ನು ತೋರಿಸಿತು.

ಆದರೆ ದೂರುವುದಷ್ಟೇ ನಮ್ಮ ಹೊಣೆಯಲ್ಲ. ಪ್ರವಾದಿ ಮೂಸಾ(ಅ) ಈಜಿಪ್ಟಿನಿಂದ ಪಾರಾಗಿ ಮದ್‌ಯನ್ ತಲುಪಿದಾಗ ಪರದೇಶಿಯಾಗಿದ್ದರು. ಅವರನ್ನು ಕೆಲಸಕ್ಕಿಟ್ಟುಕೊಳ್ಳುವಂತೆ ತಂದೆಗೆ ಸಲಹೆಯಿತ್ತ ಹೆಣ್ಣುಮಗಳು ನೋಡಿದ್ದು ಎರಡೇ ಅರ್ಹತೆಗಳನ್ನು ಎಂದು ಪವಿತ್ರ ಕುರ್‌ಆನಿನ ಅಲ್‌ಕಸಸ್ ಅಧ್ಯಾಯ ತಿಳಿಸುತ್ತದೆ: ಸಾಮರ್ಥ್ಯ ಮತ್ತು ಪ್ರಾಮಾಣಿಕತೆ. ಊರು, ಕುಲಗಳ ಪ್ರಸ್ತಾಪ ಆ ಸಲಹೆಯಲ್ಲಿಲ್ಲ.

ಇಂದು ನಮ್ಮ ಪಟ್ಟಣಗಳ ಹೋಟೆಲು, ಅಂಗಡಿ, ಕಟ್ಟಡ ಕಾಮಗಾರಿಗಳಿಗೆ ಬಿಹಾರ, ಒಡಿಶಾ, ಪಶ್ಚಿಮ ಬಂಗಾಳ, ಅಸ್ಸಾಮ್‌ಗಳಿಂದ ಯುವಕರು ಕೆಲಸ ಹುಡುಕಿಕೊಂಡು ಬರುತ್ತಾರೆ. ಅವರ ಮುಂದೆ ನಮ್ಮಲ್ಲೂ ಅನೇಕರು ಉದ್ಯೋಗದಾತರೇ. ಏನು ಕೆಲಸ ಬರುತ್ತದೆ ಎಂದು ಕೇಳುವ ಮೊದಲೇ ಊರಿನ ಹೆಸರು ಕೇಳಿ ಅವರನ್ನು ಹಿಂದಕ್ಕೆ ಕಳುಹಿಸುತ್ತಿದ್ದೇವೆಯೇ? ಒಂದೇ ಕೆಲಸಕ್ಕೆ ಊರಿನವನಿಗೊಂದು ಕೂಲಿ, ಹೊರಗಿನವನಿಗೊಂದು ಕೂಲಿ ಎಂಬ ಲೆಕ್ಕ ನಮ್ಮಲ್ಲಿದೆಯೇ? ಇದನ್ನು ಪ್ರತಿಯೊಬ್ಬರೂ ಕೇಳಿಕೊಳ್ಳಲಿ.

ಖದೀಜಾಳಿಗೆ ನ್ಯಾಯ ಸಿಗಬೇಕೆನ್ನುವ ನಾವು, ನಮ್ಮ ಗಲ್ಲಾಪೆಟ್ಟಿಗೆಯ ಮುಂದೆ ಕೆಲಸ ಕೇಳಿ ನಿಂತವನಿಗೂ ಅದೇ ನ್ಯಾಯವನ್ನು ನೀಡೋಣ. ಆಗ ನಮ್ಮ ಮಾತಿಗೆ ತೂಕ ಬರುತ್ತದೆ.