ಹಲಸೂರಿನ ಗಡಿಗೋಪುರ

ಗಡಿದುರ್ಗವೆಂದೊಡನೆ ನಮ್ಮ ಮನಸ್ಸು ಚಿತ್ರದುರ್ಗದ ಕಡೆಗೋ ಬಳ್ಳಾರಿಯ ಕಡೆಗೋ ಓಡುವುದು. ಹಲಸೂರು ಕೆರೆಯ ಬಳಿ ಬಂಡೆಯ ಮೇಲಿರುವ ಪುಟ್ಟ ಕಲ್ಲುಗೋಪುರವನ್ನು ನೆನೆಯುವವರು ವಿರಳ.

ಲಾಲ್‌ಬಾಗಿನ ಬಂಡೆ, ಕೆಂಪಾಂಬುಧಿ ಕೆರೆ, ಮೇಖ್ರಿ ವೃತ್ತ ಇವುಗಳ ಬಳಿಯ ಗೋಪುರಗಳೊಡನೆ ಇದೂ ಬೆಂಗಳೂರಿನ ಎಲ್ಲೆಯ ಗುರುತೆಂಬುದು ಪ್ರತೀತಿ. 1537ರಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ ಹಿರಿಯ ಕೆಂಪೇಗೌಡನದೇ ಇದೆಂದು ಕೆಲವರು, ಇಮ್ಮಡಿ ಕೆಂಪೇಗೌಡನದೆಂದು ಹಲವರು ಹೇಳುವರು. ಊರು ಇಲ್ಲಿಯವರೆಗೆ ಬೆಳೆಯುವುದೆಂಬ ಭವಿಷ್ಯವಾಣಿಯ ಕಥೆ ಎಲ್ಲರಿಗೂ ಪ್ರಿಯ. ಎಲ್ಲೆ ಮೀರಿದರೆ ಕೇಡೆಂಬ ಮಾತೂ ಉಂಟು. ಆದರೆ ಚಿಕ್ಕ ಮಂಟಪದಂತಹ ಈ ಕಟ್ಟಡದಲ್ಲಿ ದಂಡು ತಂಗುವಂತಿಲ್ಲ. ನಾಲ್ವರು ನಿಂತು ದೂರ ನೋಡಬಹುದು, ಅಷ್ಟೆ. ಕಾವಲಿಗೆಂದೇ ಇದನ್ನು ಕಟ್ಟಿದರೆಂದು ನಮಗೆ ತೋರುವುದು. ಭವಿಷ್ಯವಾಣಿಯು ಊರು ಬೆಳೆದ ಮೇಲೆ ಹುಟ್ಟಿದುದಾಗಿರಬೇಕು.

ಕಾಯಬೇಕಾದ ದಿಕ್ಕಂತೂ ಇದೇ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯವು ಕೋಲಾರ, ಹೊಸಕೋಟೆಗಳನ್ನು ಹಿಡಿದು ಪೂರ್ವದಿಂದಲೇ ಬಂದಿತು. ಮಾರ್ಚಿ 7ರಂದು ಪೇಟೆಯ ಹಲಸೂರು ಬಾಗಿಲು ಮುರಿಯಿತು. ಕರ್ನಲ್ ಮೂರ್‌ಹೌಸನು ಅಲ್ಲಿಯೇ ಮಡಿದನು. 21ರ ರಾತ್ರಿ ಕೋಟೆಯೂ ಬಿದ್ದಿತು. ವೃದ್ಧ ಕಿಲ್ಲೇದಾರ ಬಹದ್ದೂರ್ ಖಾನನು ಶರಣಾಗದೆ ಕಾದಾಡಿ ಸತ್ತನು. ಭವಿಷ್ಯವಾಣಿಯನ್ನು ಬಾಯಿಪಾಠ ಹೇಳುವ ನಾವು ಈ ಮುದುಕನ ಹೆಸರನ್ನು ಮಾತ್ರ ಏಕೆ ಮರೆತೆವೋ!

1809ರಲ್ಲಿ ಹಲಸೂರಿನ ಮಗ್ಗುಲಲ್ಲಿ ಇಂಗ್ಲಿಷರ ದಂಡು ನೆಲೆಯೂರಿತು. 1949ರಲ್ಲಿ ಪೇಟೆ, ದಂಡು ಎರಡೂ ಒಂದೇ ಕಾರ್ಪೊರೇಷನ್ನಿಗೆ ಸೇರಿದವು. ಎಲ್ಲೆಯ ಗೋಪುರವು ಈಗ ನಡುವೂರಿನಲ್ಲಿ, ಸೈನ್ಯದ ಆವರಣದೊಳಗಿದೆ. ನೋಡಬಯಸುವವರು ಬಾಗಿಲ ಕಾವಲಿನವರ ಅಪ್ಪಣೆ ಪಡೆಯಬೇಕು.