ಎದೆಯ ಲಯ

ಮೂವತ್ತು ವರ್ಷ ಛಂದಸ್ಸನ್ನು ಪಾಠ ಹೇಳಿದವನು ನಾನು. ಮಾತ್ರೆ ತಪ್ಪದ ಲಯವೇ ಒಳ್ಳೆಯ ಲಯವೆಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ನನ್ನ ಅಣ್ಣ ಸಂಜೆಯ ಹೊತ್ತು ಕುಮಾರವ್ಯಾಸ ಭಾರತವನ್ನು ರಾಗವಾಗಿ ಓದುತ್ತಿದ್ದ. ಭಾವ ತುಂಬಿದೆಡೆ ನಿಲ್ಲುವನು, ಮುಂದೆ ಓಡುವನು. "ಮಾತ್ರೆ ಕೆಡಿಸುತ್ತೀಯೆ" ಎಂದು ನಾನು ಆಕ್ಷೇಪಿಸುತ್ತಿದ್ದೆ.

ಮುಂದೆ ಅಣ್ಣನಿಗೆ ಹೃದಯ ವೈಫಲ್ಯವುಂಟಾಯಿತು. ಕಾಲು ಊದಿಕೊಂಡಿತು; ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ಒಂದು ದಿನ ಅವನ ನಾಡಿ ಹಿಡಿದು ನೋಡಿದೆ. ಬಡಿತ ಬಿರುಸಾಗಿದ್ದರೂ ಗಡಿಯಾರದಂತೆ ಸಮನಾಗಿತ್ತು. ಸಮಾಧಾನದಿಂದ ವೈದ್ಯರಿಗೆ ಹೇಳಿದೆ. ಅವರು, "ಮೇಷ್ಟ್ರೇ, ಅಷ್ಟು ಸಮನಾಗಿರುವುದೂ ಒಳ್ಳೆಯದಲ್ಲ" ಎಂದರು.

ಅವರಿಂದ ನಾನು ತಿಳಿದದ್ದಿಷ್ಟು. ಆರೋಗ್ಯವಂತನ ಎದೆ ನಿಮಿಷಕ್ಕೆ 60 ಸಲ ಬಡಿದರೂ ಎರಡು ಬಡಿತಗಳ ನಡುವಣ ಅಂತರ ಪ್ರತಿಸಲವೂ 1000 ಮಿಲಿಸೆಕೆಂಡಲ್ಲ. ಒಮ್ಮೆ 950, ಒಮ್ಮೆ 1040. ಉಸಿರೆಳೆದಾಗ ಬಡಿತ ಚುರುಕಾಗುತ್ತದೆ, ಬಿಟ್ಟಾಗ ನಿಧಾನಿಸುತ್ತದೆ. ಜರ್ಮನಿಯ ಕಾರ್ಲ್ ಲುಡ್ವಿಗ್ ಇದನ್ನು 1847ರಲ್ಲಿಯೇ ಯಂತ್ರದಿಂದ ದಾಖಲಿಸಿದ್ದನು. ಹೃದಯಕ್ಕೆ ಇಬ್ಬರು ಸಾರಥಿಗಳು: ಅನುವೇದನಾ ನರಮಂಡಲ ಚಾವಟಿ ಬೀಸಿದರೆ, ವೇಗಸ್ ನರ ಲಗಾಮು ಹಿಡಿಯುತ್ತದೆ. ಇವೆರಡರ ಎಡೆಬಿಡದ ಹೊಂದಾಣಿಕೆಯೇ ಆ ಏರಿಳಿತ. ಹೃದಯ ಸೋತಾಗ ದೇಹವು ಅದನ್ನು ದುಡಿಸಲು ಚಾವಟಿಯನ್ನೇ ನೆಚ್ಚುತ್ತದೆ, ಲಗಾಮಿನ ಕೈ ಸೋಲುತ್ತದೆ, ಏರಿಳಿತ ಅಡಗುತ್ತದೆ.

1987ರಲ್ಲಿ ಅಮೆರಿಕದ ವೈದ್ಯರು, ಹೃದಯಾಘಾತದಿಂದ ಉಳಿದುಕೊಂಡ 808 ಮಂದಿಯ ಇಡೀ ದಿನದ ಬಡಿತಗಳನ್ನು ಅಳೆದು ಪ್ರಕಟಿಸಿದರು. ಏರಿಳಿತದ ಅಳತೆ 50 ಮಿಲಿಸೆಕೆಂಡಿಗಿಂತ ಕಡಿಮೆಯಿದ್ದವರಿಗೆ ಸಾವಿನ ಭಯ, 100 ಮೀರಿದವರಿಗಿಂತ ಐದು ಪಟ್ಟು ಹೆಚ್ಚಾಗಿತ್ತು. 1998ರಲ್ಲಿ ಬ್ರಿಟನ್ನಿನ ವೈದ್ಯರು ಹೃದಯ ವೈಫಲ್ಯದ ರೋಗಿಗಳಲ್ಲಿಯೂ ಇದೇ ಬಗೆಯ ಸಂಬಂಧವನ್ನು ಕಂಡರು.

ಹಾಗೆಂದು ಕೇಳುಗರು ಮಣಿಕಟ್ಟು ಹಿಡಿದು ಗಾಬರಿಗೊಳ್ಳಬೇಕಾಗಿಲ್ಲ. ಈ ಸೂಕ್ಷ್ಮವನ್ನು ಅಳೆಯುವುದು ಇಸಿಜಿ ಯಂತ್ರ, ನಮ್ಮ ಬೆರಳಲ್ಲ. ವಯಸ್ಸಾದಂತೆ ಈ ಏರಿಳಿತ ಎಲ್ಲರಲ್ಲಿಯೂ ಕುಗ್ಗುತ್ತದೆ. ಅಡ್ಡಾದಿಡ್ಡಿಯಾಗಿ ಬಡಿಯುವ ನಾಡಿಯಂತೂ ಬೇರೆಯದೇ ರೋಗದ ಸೂಚನೆಯಿರಬಹುದು. ಅದನ್ನು ವೈದ್ಯರಿಗೆ ತೋರಿಸಲೇಬೇಕು.

ಅಣ್ಣ ಈಗ ಇಲ್ಲ. ಅವನ ಭಾರತದ ಪ್ರತಿ ನನ್ನ ಮೇಜಿನ ಮೇಲಿದೆ. ಸಂಜೆ ಅದನ್ನು ತೆರೆದು ಓದುವಾಗ, ಅವನು ನಿಲ್ಲುತ್ತಿದ್ದೆಡೆಯಲ್ಲಿ ನಾನೂ ನಿಲ್ಲುತ್ತೇನೆ. ಮಾತ್ರೆ ಎಣಿಸುವುದಿಲ್ಲ.